ಎರಡು ನುಡಿಗಳ ವಿಜಯಪುರ

ಘೋಣಸಗಿಯಂತಹ ಟಿಕೋಟಾ ಸೀಮೆಯ ಹಳ್ಳಿಗಳಿಂದ, ಸಂತೆಗೆಂದೋ ಕಚೇರಿಯ ಕೆಲಸಕ್ಕೆಂದೋ ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ವಿಜಯಪುರಕ್ಕೆ ಹೊರಟವರು, ದ್ರಾಕ್ಷಿಯ ಚಪ್ಪರಗಳನ್ನು ಹಿಂದಿಕ್ಕಿ, ಟಿಕೋಟಾವನ್ನು ಹಾಯ್ದು, ಅಥಣಿಯ ರಸ್ತೆಯಲ್ಲಿ ಪೂರ್ವಾಭಿಮುಖವಾಗಿ ಸಾಗುವಾಗ, ನಗರದ ಕೋಟೆಗೋಡೆ ಕಣ್ಣಿಗೆ ಬೀಳುವುದಕ್ಕೆ ಮೊದಲೇ ತೊರವಿ ಎಂಬ ಗ್ರಾಮವನ್ನು ದಾಟಬೇಕಾಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದು ರಸ್ತೆಬದಿಯ ಇನ್ನೊಂದು ಊರು ಮಾತ್ರ. ಆದರೆ ಕನ್ನಡ ಕಾವ್ಯವನ್ನು ಬಲ್ಲವರ ಪಾಲಿಗೆ ಅದು ಕುಮಾರ ವಾಲ್ಮೀಕಿಯೆಂದು ತನ್ನನ್ನು ಕರೆದುಕೊಂಡ ನರಹರಿಯು ತೊರವೆಯ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ರಾಮಾಯಣವನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿದ ಕ್ಷೇತ್ರ. ಅದೇ ತೊರವಿಯ ಮಗ್ಗುಲಲ್ಲಿಯೇ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ನೌರಸಪುರವೆಂಬ ಹೊಸ ನಗರಕ್ಕೆ ಅಸ್ತಿಭಾರ ಹಾಕಿದನು. ಸಂಗೀತಶಾಸ್ತ್ರದಲ್ಲಿ ಪಾರಂಗತನಾಗಿದ್ದ ಆ ದೊರೆಯು ದಖ್ಖನಿ ನುಡಿಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್' ಎಂಬ ಗೀತಸಂಗ್ರಹದಲ್ಲಿ ಸರಸ್ವತಿಯ ಸ್ತುತಿಯೂ ಗಣಪತಿಯ ಸ್ತುತಿಯೂ ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ಮರಣೆಯೂ ಒಟ್ಟಿಗೇ ಇವೆ. ಕನ್ನಡದ ಒಂದು ಮಹಾಕಾವ್ಯವೂ ದಖ್ಖನಿಯ ಒಂದು ಅಪೂರ್ವ ಕೃತಿಯೂ ಒಂದೇ ನೆಲದ ನಂಟಿನವು ಎಂಬ ಈ ಸಂಗತಿಯನ್ನು ತಿಳಿದು ಊರನ್ನು ಪ್ರವೇಶಿಸಿದವನಿಗೆ, ಮುಂದೆ ಕಾಣುವ ಪೇಟೆಗಳೂ ಓಣಿಗಳೂ ಬೇರೆಯದೇ ಬೆಳಕಿನಲ್ಲಿ ಗೋಚರಿಸುತ್ತವೆ.

ದುರ್ದೈವದಿಂದ, ವಿಜಯಪುರವನ್ನು ನೋಡಲು ಬರುವವರಲ್ಲಿ ಬಹುಮಂದಿ ಈ ಪೇಟೆಗಳನ್ನು ಕಾಣುವುದೇ ಇಲ್ಲ. ಅವರು ರೈಲಿನಿಂದಲೋ ಬಸ್ಸಿನಿಂದಲೋ ಇಳಿದು, 1656ರಲ್ಲಿ ಗತಿಸಿದ ಮಹಮ್ಮದ ಆದಿಲಶಹನ ಗೋಳಗುಮ್ಮಟವನ್ನು ಹತ್ತಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಕೂಗಿ, ಇಬ್ರಾಹಿಂ ರೋಜಾದ ಕೆತ್ತನೆಯನ್ನು ಕಂಡು, ಮಲಿಕ್-ಎ-ಮೈದಾನ್ ತೋಪನ್ನು ಮುಟ್ಟಿ, ಸಂಜೆಯೊಳಗೆ ಬಾದಾಮಿಯ ದಾರಿಯನ್ನು ಹಿಡಿಯುತ್ತಾರೆ. ಸ್ಮಾರಕಗಳು ನೋಡತಕ್ಕವೇ, ಸಂದೇಹವಿಲ್ಲ. ಆದರೆ ಆ ಗುಮ್ಮಟಗಳನ್ನು ಕಟ್ಟಿಸಿದ ರಾಜವಂಶವು 1686ರಲ್ಲಿಯೇ ಅಳಿದುಹೋಯಿತು. ಅದರ ಆಶ್ರಯದಲ್ಲಿ ನೆಲೆ ನಿಂತ ಜನಗಳು, ಅವರ ವೃತ್ತಿಗಳು, ಅವರ ಮಾತುಗಳು ಮಾತ್ರ ಅಳಿಯದೆ ಶಹಾಪೇಟೆಯಲ್ಲಿ, ಜೋರಾಪುರ ಪೇಟೆಯಲ್ಲಿ, ನವಬಾಗದಲ್ಲಿ, ಜುಮ್ಮಾ ಮಸೀದಿಯ ಸುತ್ತಿನ ಓಣಿಗಳಲ್ಲಿ ಇಂದಿಗೂ ಬಾಳುತ್ತಿವೆ. ಕಲ್ಲಿನ ವಿಜಯಪುರವು ಲೋಕಪ್ರಸಿದ್ಧವಾಗಿದೆ. ನುಡಿಯ ವಿಜಯಪುರವು ಇನ್ನೂ ತನ್ನ ವರ್ಣನಕಾರನಿಗಾಗಿ ಕಾದಿದೆ.

ಈ ನಗರವು ದ್ವಿಭಾಷಿಕವೆಂದು ಹೇಳಿದಾಗ ಹೊರಗಿನವರು ಸಾಮಾನ್ಯವಾಗಿ ಕಲ್ಪಿಸಿಕೊಳ್ಳುವುದೇನೆಂದರೆ, ಒಂದು ಓಣಿಯಲ್ಲಿ ಕನ್ನಡದವರು, ಇನ್ನೊಂದು ಓಣಿಯಲ್ಲಿ ಉರ್ದುವಿನವರು, ನಡುವೆ ಒಂದು ಅಗೋಚರವಾದ ಗಡಿರೇಖೆ ಎಂದು. ವಾಸದ ನೆಲೆಗಳು ಒಂದು ಮಟ್ಟಿಗೆ ಹಾಗೆ ಗುಂಪುಗೂಡಿರುವುದು ನಿಜವಾದರೂ, ಮಾತಿನ ಗಡಿಯು ಎಲ್ಲಿಯೂ ಓಣಿಯ ಗಡಿಯೊಡನೆ ಸರಿಹೊಂದುವುದಿಲ್ಲ. ಲಾಲಬಹಾದೂರ ಶಾಸ್ತ್ರಿ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಬಾಗವಾನ ಹೆಣ್ಣುಮಗಳು ಬಬಲೇಶ್ವರದ ಒಕ್ಕಲಿಗನೊಡನೆ ಜವಾರಿ ಕನ್ನಡದಲ್ಲಿ ಚೌಕಾಸಿ ಮಾಡಿ, ಅದೇ ಉಸಿರಿನಲ್ಲಿ ಪಕ್ಕದ ಅಂಗಡಿಯವಳಿಗೆ ದಖ್ಖನಿಯಲ್ಲಿ ಬೆಲೆ ಹೇಳಿ, ಜತ್ತಿನಿಂದ ಬಂದ ಗಿರಾಕಿಗೆ ಮರಾಠಿಯಲ್ಲಿ ಉತ್ತರ ಕೊಡುವುದನ್ನು ನಿಂತು ಕೇಳಿದವರಿಗೆ, ಇಲ್ಲಿ ಎರಡು ಭಾಷೆಯ ಎರಡು ಜನವಿಲ್ಲ, ಒಂದೇ ನಾಲಗೆಯ ಮೇಲೆ ಎರಡು ಮೂರು ಭಾಷೆಗಳು ನೆಲೆಸಿವೆಯೆಂಬುದು ಮನದಟ್ಟಾಗುತ್ತದೆ.

ಇದು ನಿನ್ನೆ ಮೊನ್ನೆಯ ಬೆಳವಣಿಗೆಯಲ್ಲ. ಬಿಜ್ಜನಹಳ್ಳಿ ಮೊದಲಾದ ಕೆಲವು ಹಳ್ಳಿಗಳು ಕೂಡಿ ಈ ಊರಾಯಿತೆಂಬ ಐತಿಹ್ಯವಿದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕಾಗಲೇ ಇದು ವಿಜಯಪುರವೆಂಬ ಹೆಸರನ್ನು ಪಡೆದಿತ್ತು. ನಗರದ ಹೃದಯದಲ್ಲಿರುವ ಅರಕಿಲ್ಲೆಯೊಳಗೆ, ಹಳೆಯ ದೇವಾಲಯಗಳ ಕಂಬಗಳಿಂದಲೇ ಎದ್ದುನಿಂತ ಕರೀಮುದ್ದೀನನ ಮಸೀದಿಯಿದೆ. ದೆಹಲಿಯ ಸುಲ್ತಾನರ ಪರವಾಗಿ ಇಲ್ಲಿ ಅಧಿಕಾರಿಯಾಗಿದ್ದ ಮಲಿಕ್ ಕರೀಮುದ್ದೀನನ ಕಾಲದಲ್ಲಿ, 1320ರಲ್ಲಿ, ಅದನ್ನು ಕಟ್ಟಿದವನು ಸಾಲೊಟಗಿಯ ರೇವಯ್ಯನೆಂಬ ಶಿಲ್ಪಿಯೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಹತ್ತನೆಯ ಶತಮಾನದಲ್ಲಿ ದೂರದೂರದ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ವಿದ್ಯಾಕೇಂದ್ರವೆಂದು ಹೆಸರಾಗಿದ್ದ ಆ ಸಾಲೊಟಗಿಯ ಒಬ್ಬ ಕುಶಲಕರ್ಮಿಯು, ಅನ್ಯಧರ್ಮದ ಪ್ರಾರ್ಥನಾಮಂದಿರಕ್ಕೆ ತನ್ನ ಕೈಯ ಕೆಲಸವನ್ನು ಒಪ್ಪಿಸಿ, ತನ್ನ ಹೆಸರನ್ನೂ ಅಲ್ಲಿ ಉಳಿಸಿಹೋದನು. ಧ್ವಂಸದ ನೋವು ಆ ಕಂಬಗಳಲ್ಲಿ ಇರುವುದೂ ಸತ್ಯ, ಸಹಕಾರದ ನೆನಪು ಆ ಶಾಸನದಲ್ಲಿ ಇರುವುದೂ ಸತ್ಯ. ಒಂದನ್ನು ಮುಚ್ಚಿ ಇನ್ನೊಂದನ್ನು ಮಾತ್ರ ಹೇಳುವವರು ಈ ನಗರಕ್ಕೆ ನ್ಯಾಯ ಸಲ್ಲಿಸಲಾರರು. ಅದೇ ಅರಕಿಲ್ಲೆಯ ಕಂದಕದ ಬಳಿ ನರಸೋಬಾ ಎಂದು ಜನರು ಕರೆಯುವ ನರಸಿಂಹ-ದತ್ತಾತ್ರೇಯರ ಗುಡಿಯಿದೆ. ಪ್ರಜೆಗಳಿಂದ ಜಗದ್ಗುರುವೆನಿಸಿಕೊಂಡ ಎರಡನೆಯ ಇಬ್ರಾಹಿಮನು ಅಲ್ಲಿಗೆ ದರ್ಶನಕ್ಕೆ ಬರುತ್ತಿದ್ದನೆಂದು ಪರಂಪರೆಯು ಹೇಳುತ್ತದೆ.

1490ರಲ್ಲಿ ಯೂಸುಫ್ ಆದಿಲಖಾನನು ಸ್ವತಂತ್ರನಾದ ತರುವಾಯದ ಎರಡು ಶತಮಾನಗಳಲ್ಲಿ ಈ ಊರಿಗೆ ಬಂದು ಸೇರಿದ ಜನರ ವೈವಿಧ್ಯವನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಇರಾನದ ಕವಿಗಳೂ ಅಧಿಕಾರಿಗಳೂ ಬಂದರು. ಮಧ್ಯ ಏಷ್ಯಾದ ಸೈನಿಕರು ಬಂದರು. ಆಫ್ರಿಕದಿಂದ ಗುಲಾಮರಾಗಿ ಬಂದ ಹಬಶಿಗಳು ಸ್ವಸಾಮರ್ಥ್ಯದಿಂದ ಸೇನಾನಿಗಳೂ ಮಂತ್ರಿಗಳೂ ಆದರು. ಪಶ್ಚಿಮದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮಹಮ್ಮದ ಬಿನ್ ಹುಸೇನ್ ರೂಮಿಯೆಂಬ ತುರ್ಕಿ ದೇಶದವನು. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕಾರ್ನೆಲಿಸ್ ಹೇಡಾನು ಇಬ್ರಾಹಿಮನ ಆಶ್ರಯದಲ್ಲಿ ನೌರಸಪುರದಲ್ಲಿ ಬಹುಕಾಲ ನೆಲೆಸಿದ್ದನು. ಅಕ್ಬರನ ದೂತನಾಗಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಅಸದ್ ಬೇಗನು ಕಂಡು ಬರೆದಿಟ್ಟ ಮಾರುಕಟ್ಟೆಯು ಮೂವತ್ತು ಗಜ ಅಗಲವೂ ಎರಡು ಕೋಸಿನಷ್ಟು ಉದ್ದವೂ ಇದ್ದು, ಪ್ರತಿಯೊಂದು ಅಂಗಡಿಯ ಮುಂದೆಯೂ ಒಂದೊಂದು ಹಸುರುಮರ ನೆರಳು ಚೆಲ್ಲಿತ್ತಂತೆ. ಅಲ್ಲಿಯವರೆಗೆ ಮೊಗಲರ ಆಸ್ಥಾನವು ಕಂಡರಿಯದ ಹೊಗೆಸೊಪ್ಪನ್ನು ಅವನು ವಿಜಯಪುರದಿಂದಲೇ ಒಯ್ದು ಅಕ್ಬರನ ಮುಂದಿಟ್ಟನು.

ಇಷ್ಟು ಬಗೆಯ ಜನ ಕೂಡಿದಲ್ಲಿ ಯಾವ ಭಾಷೆಯಲ್ಲಿ ವ್ಯವಹಾರ ನಡೆಯಬೇಕು? ಪಾರಸಿಯು ಆಸ್ಥಾನದ ಗೌರವಭಾಷೆಯಾಗಿತ್ತು. ಫಿರಿಶ್ತಾನು ತನ್ನ ಪ್ರಸಿದ್ಧ ಇತಿಹಾಸವನ್ನು ಇಲ್ಲಿಯೇ ಆ ಭಾಷೆಯಲ್ಲಿ ಬರೆದನು. ಆದರೆ 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಮನು ಪಾರಸಿಯಲ್ಲಿದ್ದ ಲೆಕ್ಕಪತ್ರಗಳನ್ನು ದೇಶಭಾಷೆಗೆ ತಿರುಗಿಸಿ ಆ ಕಾರ್ಯವನ್ನು ಬ್ರಾಹ್ಮಣ ಲೆಕ್ಕಿಗರಿಗೆ ಒಪ್ಪಿಸಿದನೆಂದು ಅದೇ ಫಿರಿಶ್ತಾನು ಹೇಳುತ್ತಾನೆ. ಕಂದಾಯದ ಕಾಗದಗಳಲ್ಲಿ ಮರಾಠಿಯು ಬಹುಮಟ್ಟಿಗೆ ಬಳಕೆಗೆ ಬಂದಿತು. ಹೊಲಮನೆಗಳ ಮಾತು, ಗುಡಿಮಠಗಳ ಮಾತು ಕನ್ನಡವಾಗಿಯೇ ಮುಂದುವರಿಯಿತು. ಇವೆಲ್ಲದರ ನಡುವೆ, ಉತ್ತರದಿಂದ ಸೈನ್ಯಗಳೊಡನೆ ಬಂದು ದಕ್ಷಿಣದ ಮಣ್ಣಿನಲ್ಲಿ ಬೇರೂರಿದ ದಖ್ಖನಿಯು ಪೇಟೆಯ ಮಾತಾಗಿ, ದಂಡಿನ ಮಾತಾಗಿ, ಕೊನೆಗೆ ಕಾವ್ಯದ ಮಾತಾಗಿಯೂ ಏರಿತು. ಎರಡನೆಯ ಅಲಿ ಆದಿಲಶಹನ ಆಸ್ಥಾನಕವಿಯಾದ ನುಸ್ರತಿಯ 'ಅಲಿನಾಮಾ', 'ಗುಲ್ಶನ್-ಎ-ಇಶ್ಕ್' ಕೃತಿಗಳು ಹುಟ್ಟಿದ್ದು ಈ ಊರಿನಲ್ಲಿಯೇ. ದೆಹಲಿಯ ಉರ್ದು ಕಾವ್ಯವು ತಲೆಯೆತ್ತುವ ಎಷ್ಟೋ ಮೊದಲು.

ದಖ್ಖನಿಯನ್ನು ಉರ್ದುವಿನ ಒರಟು ರೂಪವೆಂದು ತಿಳಿಯುವವರು ಅದರ ವಾಕ್ಯರಚನೆಯನ್ನು ಗಮನಿಸಿದವರಲ್ಲ. ಒಬ್ಬನು ಆಡಿದ ಮಾತನ್ನು ಇನ್ನೊಬ್ಬನಿಗೆ ತಿಳಿಸುವಾಗ ಉತ್ತರದವರು ಮೊದಲು 'ಅವನು ಹೇಳಿದನು' ಎಂದು ಹೇಳಿ ತರುವಾಯ ಮಾತನ್ನು ಜೋಡಿಸುತ್ತಾರೆ. ವಿಜಯಪುರದ ದಖ್ಖನಿಯು ಕನ್ನಡದ ರೀತಿಯಲ್ಲಿ ಮಾತನ್ನು ಮೊದಲಿಟ್ಟು, ನಾವು 'ಅಂತ' ಎನ್ನುವ ಜಾಗದಲ್ಲಿ ತನ್ನದೇ ಒಂದು ಪದವನ್ನು ಇಟ್ಟು ಮುಂದೆ ಸಾಗುತ್ತದೆ. ಶಬ್ದಗಳನ್ನು ನೆರೆಹೊರೆಯವರಿಂದ ಕಡ ತರುವುದು ಸುಲಭ, ಅದು ಸಂತೆಯ ಪರಿಚಯದಿಂದಲೂ ಆಗುತ್ತದೆ; ವಾಕ್ಯದ ಗತಿಯೇ ನೆರೆಯವರಂತೆ ಆಗಬೇಕಾದರೆ ತಲೆಮಾರುಗಳ ಸಹವಾಸ ಬೇಕು. ಇತ್ತ ವಿಜಯಪುರದ ಕನ್ನಡವೂ ದರವಾಜಾ, ಕಮಾನು, ಖುರ್ಚಿ, ಬಾಜಾರ, ಜಮೀನು, ರೈತ ಎಂಬ ಪದಗಳನ್ನು ಪರಕೀಯವೆಂಬ ಭಾವನೆಯೇ ಇಲ್ಲದಂತೆ ಅರಗಿಸಿಕೊಂಡಿದೆ.

ಹೊಸದಾಗಿ ಬಂದವರು ನಗರವನ್ನು ಅರಿಯಬೇಕಾದರೆ ಎಲ್ಲಿಂದ ಆರಂಭಿಸಬೇಕೆಂದು ನನ್ನನ್ನು ಕೇಳಿದರೆ, ಗೋಳಗುಮ್ಮಟದಿಂದಲ್ಲ, ನಗರದ ಪಶ್ಚಿಮಕ್ಕೆ ಕೋಟೆಯ ಹೊರಗಿರುವ ದರ್ಗಾ ಎಂಬ ಭಾಗದಿಂದ ಎಂದು ಹೇಳುತ್ತೇನೆ. ಈ ಭಾಗಕ್ಕೆ ಹೆಸರನ್ನು ಕೊಟ್ಟದ್ದು ಶಹಾಪುರ ದಿನ್ನೆಯ ಮೇಲಿರುವ ಖ್ವಾಜಾ ಅಮೀನುದ್ದೀನ್ ಆಲಾ ಅವರ ಸಮಾಧಿ. ಇದೇ ದರ್ಗಾ ಭಾಗದಲ್ಲಿ, ಸಾವಿರ ಹೆಡೆಗಳ ಸರ್ಪವು ಛತ್ರ ಹಿಡಿದ ಸಹಸ್ರಫಣಿ ಪಾರ್ಶ್ವನಾಥನ ದಿಗಂಬರ ಬಸದಿಯೂ ಇದೆ; ದೂರದ ಊರುಗಳಿಂದ ಬರುವ ಶ್ರಾವಕರು ರಿಕ್ಷಾದವನಿಗೆ 'ದರ್ಗಾ' ಎಂದೇ ಹೇಳಿ ತಮ್ಮ ತೀರ್ಥಂಕರನ ಸನ್ನಿಧಿಯನ್ನು ತಲುಪುತ್ತಾರೆ.

ಈ ದಿನ್ನೆಯ ಸೂಫಿಗಳ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಶಮ್ಸುಲ್ ಉಶ್ಶಾಖ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ, ಹೀಗೆ ಮೂರು ತಲೆಮಾರುಗಳ ಚಿಸ್ತಿ ಸಾಧಕರು ಆಸ್ಥಾನದ ಸಖ್ಯದಿಂದ ದೂರವಿದ್ದು, ವಿದ್ವಾಂಸರ ಪಾರಸಿಯನ್ನು ಬದಿಗಿಟ್ಟು, ಸಾಮಾನ್ಯ ಜನರಿಗೆ ತಿಳಿಯುವ ದಖ್ಖನಿಯಲ್ಲಿ ತತ್ತ್ವವನ್ನು ಬೋಧಿಸಿದರು. ಈ ಪರಂಪರೆಯ ಸಾಧಕರು ಶ್ರಮದ ಹಾಡುಗಳ ಒಂದು ಪ್ರಕಾರವನ್ನೇ ಬೆಳೆಸಿದರು. ಬೀಸುವಾಗ ಹಾಡುವುದಕ್ಕೆ ಚಕ್ಕೀನಾಮಾ, ನೂಲುವಾಗ ಹಾಡುವುದಕ್ಕೆ ಚರಖಾನಾಮಾ. ಬೀಸುಕಲ್ಲಿನ ಗೂಟವನ್ನು ಅಲ್ಲಾಹನ ಹೆಸರಿನ ಮೊದಲಕ್ಷರಕ್ಕೆ ಹೋಲಿಸಿ, ಕಲ್ಲು ಸುತ್ತಿದ ಹಾಗೆಲ್ಲ ಉಸಿರಿನೊಡನೆ ನಾಮಸ್ಮರಣೆ ನಡೆಯುವಂತೆ ಅವುಗಳನ್ನು ಕಟ್ಟಿದ್ದರು. ದಕ್ಷಿಣದ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಸೂಫಿಭಕ್ತಿಯು ಹಬ್ಬಿದ್ದು ಗ್ರಂಥಗಳಿಂದಲ್ಲ, ಇಂತಹ ಅಡುಗೆಮನೆಯ ಹಾಡುಗಳಿಂದ ಎಂದು ಈ ಪರಂಪರೆಯನ್ನು ಅಧ್ಯಯನ ಮಾಡಿದ ಇತಿಹಾಸಕಾರ ರಿಚರ್ಡ್ ಈಟನ್ ಅವರು ಪ್ರತಿಪಾದಿಸಿದ್ದಾರೆ.

ಇದನ್ನು ಓದುವ ಕನ್ನಡಿಗನಿಗೆ ಹಲಸಂಗಿಯ ನೆನಪಾಗದಿರದು. ಇದೇ ಜಿಲ್ಲೆಯ ಭೀಮಾತೀರದ ಸೀಮೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಸೇರಿ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಮನೆಮನೆಯಿಂದ ಸಂಗ್ರಹಿಸಿ, 1931ರಲ್ಲಿ 'ಗರತಿಯ ಹಾಡು' ಎಂಬ ಗ್ರಂಥವಾಗಿ ಪ್ರಕಟಿಸಿದರು. ಕನ್ನಡದ ಹೊಸ ಕಾವ್ಯಕ್ಕೆ ಅದು ಜೀವಜಲವಾಯಿತು. ಡೋಣಿ ಹೊಳೆ ಹರಿದ ವರುಷ ಓಣಿಯೆಲ್ಲ ಜೋಳವೆಂದು ನಾಣ್ಣುಡಿಯುಳ್ಳ ಈ ನಾಡಿನಲ್ಲಿ, ಅದೇ ಎರೆಭೂಮಿಯ ಅದೇ ಬಿಳಿಜೋಳವನ್ನು, ಅದೇ ಕರಿಯ ಕಲ್ಲಿನಲ್ಲಿ, ಬೆಳಗಿನ ಜಾವದ ಅದೇ ಹೊತ್ತಿನಲ್ಲಿ ಬೀಸುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು ತವರಿನ ಅಣ್ಣನನ್ನೂ ಮನೆದೇವರನ್ನೂ ಕನ್ನಡದಲ್ಲಿ ಹಾಡಿದಳು, ಇನ್ನೊಬ್ಬಳು ಗುರುವನ್ನೂ ಪ್ರವಾದಿಯನ್ನೂ ದಖ್ಖನಿಯಲ್ಲಿ ಹಾಡಿದಳು. ಕಲ್ಲಿನ ಲಯ ಇಬ್ಬರಿಗೂ ಒಂದೇ ಆಗಿತ್ತು. ವಿಜಯಪುರದ ದ್ವಿಭಾಷಿಕತೆಯ ಮೂಲವನ್ನು ನಾನು ಆಸ್ಥಾನದ ಫರ್ಮಾನುಗಳಲ್ಲಿ ಹುಡುಕುವುದಿಲ್ಲ. ಈ ಬೀಸುಕಲ್ಲಿನ ಮುಂದೆ ಹುಡುಕುತ್ತೇನೆ.

ಒಂದೇ ಬಾಯಿಯಲ್ಲಿ ಎರಡು ನುಡಿಗಳು ಭಕ್ತಿಯಾಗಿ ಹರಿದ ಉದಾಹರಣೆಯೂ ದೂರವಿಲ್ಲ. ಬಬಲೇಶ್ವರ ಸೀಮೆಯ ಕಾಖಂಡಕಿಯ ಮಹೀಪತಿದಾಸರು ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿಯ ಆಡಳಿತದಲ್ಲಿ ಉನ್ನತಾಧಿಕಾರದಲ್ಲಿದ್ದವರೆಂದೂ, ಒಬ್ಬ ಸೂಫಿ ಸಾಧಕರ ಸಂಪರ್ಕದಿಂದ ವಿರಕ್ತಿ ಹೊಂದಿ, ಸಾರವಾಡದ ಭಾಸ್ಕರಸ್ವಾಮಿಗಳಲ್ಲಿ ಉಪದೇಶ ಪಡೆದರೆಂದೂ ಪರಂಪರೆಯು ಹೇಳುತ್ತದೆ. ಅವರ ಪದಗಳು ಕನ್ನಡದಲ್ಲಿವೆ, ಮರಾಠಿಯಲ್ಲಿವೆ, ದಖ್ಖನಿ ಹಿಂದಿಯಲ್ಲಿಯೂ ಇವೆ. ಕಚೇರಿಯಲ್ಲಿ ಬಳಸಿದ ಭಾಷೆಗಳನ್ನೆಲ್ಲ ಅವರು ದೇವರ ಮುಂದೆಯೂ ಬಳಸಿದರು. ಹರಿದಾಸ ಸಾಹಿತ್ಯದ ಚರ್ಚೆಯಲ್ಲಿ ಈ ಬಹುಭಾಷಾ ಪದಗಳಿಗೆ ದೊರೆಯಬೇಕಾದ ಸ್ಥಾನ ಇನ್ನೂ ದೊರೆತಿಲ್ಲವೆಂದು ನನಗೆ ತೋರುತ್ತದೆ.

ಪೇಟೆಗಳು ಎಲ್ಲಿ ಹುಟ್ಟಬೇಕೆಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ನೀರು. ನದಿಯಿಲ್ಲದ, ಮಳೆ ಕಡಮೆಯಾದ ಈ ಕಲ್ಲುನೆಲದ ಮೇಲೆ ಅಷ್ಟು ದೊಡ್ಡ ನಗರ ಬಾಳಬೇಕಾದರೆ ನೀರನ್ನು ಹೊರಗಿನಿಂದ ತರಲೇಬೇಕಾಗಿತ್ತು. ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗಗಳ ಮೂಲಕ ಒಂದು ಪ್ರವಾಹ ಬಂದಿತು. ದಕ್ಷಿಣದ ಬೇಗಂ ತಲಾಬಿನಿಂದ, 1651ರಲ್ಲಿ ಮಹಮ್ಮದ ಆದಿಲಶಹನು ಅದನ್ನು ಕಟ್ಟಿಸಿದ ಮೇಲೆ, ಮಣ್ಣಿನ ಕೊಳವೆಗಳಲ್ಲಿ ಇನ್ನೊಂದು ಬಂದಿತು. ನೀರಿನ ಒತ್ತಡವನ್ನು ಹದಗೊಳಿಸುವುದಕ್ಕೂ ಕೆಸರನ್ನು ತಂಗಿಸುವುದಕ್ಕೂ ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ಗೋಪುರಗಳಲ್ಲಿ ಕೆಲವು ಇಂದಿಗೂ ಮನೆಗಳ ಸಾಲಿನ ನಡುವೆ ತಲೆಯೆತ್ತಿ ನಿಂತಿವೆ. ಮಕ್ಕಾ ದರವಾಜದ ಒಳಬದಿಯ ತಾಜ್ ಬಾವಡಿಯನ್ನು 1620ರಲ್ಲಿ ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಕಟ್ಟಿಸಿದರು. ಶಹಾಪುರ ದರವಾಜದ ಕಡೆಗಿರುವ ಚಾಂದ್ ಬಾವಡಿಯು ಮೊದಲನೆಯ ಅಲಿಯ ಪತ್ನಿ ಚಾಂದಬೀಬಿಯ ನೆನಪು. ಇವಲ್ಲದೆ ಸೋನಾರ ಬಾವಡಿ, ಮಾಸ ಬಾವಡಿ, ಇಬ್ರಾಹಿಂಪುರ ಬಾವಡಿ ಎಂದು ಓಣಿಗೊಂದು ಹೆಸರಿನ ಬಾವಡಿಗಳುಂಟು. ನೀರು ಸೇದುವ ಕಟ್ಟೆಯ ಮೇಲೆ ಎಲ್ಲ ಜಾತಿಯವರಿಗೂ ಸಮಾನವಾದ ಸ್ಥಾನ ಇತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನಾನಾ ಓಣಿಗಳ ಹೆಣ್ಣುಮಕ್ಕಳು ಒಂದೆಡೆ ನೆರೆದು ಒಬ್ಬರ ಮಾತನ್ನು ಒಬ್ಬರು ಕಿವಿಯಾರೆ ಕೇಳಿದ ಸ್ಥಳಗಳು ಇವು. ದೀರ್ಘಕಾಲ ಕಸದ ತಿಪ್ಪೆಗಳಾಗಿದ್ದ ಈ ಬಾವಡಿಗಳಲ್ಲಿ ಅನೇಕವುಗಳ ಹೂಳನ್ನು ಇತ್ತೀಚಿನ ವರುಷಗಳಲ್ಲಿ ತೆಗೆಸಿ ನೀರನ್ನು ಮತ್ತೆ ಬೆಳಕಿಗೆ ತಂದಿರುವುದು ಮೆಚ್ಚತಕ್ಕ ಕಾರ್ಯ.

1686ರಲ್ಲಿ ಔರಂಗಜೇಬನಿಗೆ ಸೋತ ಮೇಲೆ ನಗರದ ಭಾಗ್ಯ ಇಳಿಯುತ್ತ ಹೋಯಿತು. ಮೊಗಲರಿಂದ ನಿಜಾಮನ ಕೈಗೆ, ನಿಜಾಮನಿಂದ 1760ರಲ್ಲಿ ಪೇಶ್ವೆಯ ಕೈಗೆ, 1818ರ ತರುವಾಯ ಸಾತಾರೆಯ ಅರಸನ ಕೈಗೆ, 1848ರಲ್ಲಿ ಆಂಗ್ಲರ ಕೈಗೆ ಬಂದ ಈ ಊರು ಪಾಳುಗೋಡೆಗಳ ನಡುವಿನ ಸಣ್ಣ ಕಸಬೆಯಾಗಿ ಉಳಿದಿತ್ತು. 1884ರ ಹೋಟಗಿ–ಗದಗ ರೈಲುಮಾರ್ಗವೂ, ಅದರ ಮರುವರುಷ ಜಿಲ್ಲೆಯ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ವರ್ಗವಾದದ್ದೂ ಅದಕ್ಕೆ ಪುನರ್ಜನ್ಮವನ್ನು ಕೊಟ್ಟವು. ಸ್ಟೇಷನ್ ರಸ್ತೆಯ ಸಾಲುಮನೆಗಳು, ವಕೀಲರ ಓಣಿಗಳು, ಗಾಂಧಿ ಚೌಕದ ಸುತ್ತಿನ ವ್ಯಾಪಾರ, ಇವೆಲ್ಲ ಈ ಎರಡನೆಯ ಜನ್ಮದ ಫಲ. ಆದರೆ ಮುಂಬಯಿ ಪ್ರಾಂತದ ಆಡಳಿತದಲ್ಲಿ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದುದರಿಂದ, ಕನ್ನಡವು ತನ್ನ ನೆಲದಲ್ಲಿಯೇ ಓದುಬರಹದ ಮಾತಾಗಲು ಹೋರಾಡಬೇಕಾಯಿತು. ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಆ ಹೋರಾಟಕ್ಕೆ ವಿಜಯಪುರದಲ್ಲಿ ದೇಹವನ್ನೂ ಧನವನ್ನೂ ಸವೆಸಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, 1904ರಲ್ಲಿ ವಕೀಲಿವೃತ್ತಿಗೆಂದು ಇಲ್ಲಿಗೆ ಬಂದ ಅವರು, ಮಠಮನೆಗಳ ಅಟ್ಟಗಳಲ್ಲಿ ಹುಳು ತಿನ್ನುತ್ತಿದ್ದ ಓಲೆಗರಿಗಳಿಂದ ವಚನಗಳನ್ನು ಆಯ್ದು ಪ್ರಕಟಿಸುವುದನ್ನು ಜೀವಿತಕಾರ್ಯವಾಗಿ ಮಾಡಿಕೊಂಡರು. ಹೊರಗಿನ ಮುದ್ರಣಾಲಯಗಳನ್ನು ನಂಬಿ ಕೆಲಸ ಸಾಗದೆ, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಹೊರಟವು. ಬಸವಣ್ಣನವರ, ಅಕ್ಕಮಹಾದೇವಿಯ ಮಾತುಗಳು ಇಪ್ಪತ್ತನೆಯ ಶತಮಾನದ ಕನ್ನಡಿಗರಿಗೆ ದೊರೆತದ್ದು ಬಹುಪಾಲು ವಿಜಯಪುರದ ಒಂದು ಓಣಿಯ ಈ ಅಚ್ಚುಮೊಳೆಗಳಿಂದ. ಆದಿಲಶಾಹಿಯ ಕಮಾನುಗಳ ಊರಿನಲ್ಲಿ ವಚನಸಾಹಿತ್ಯವು ಮರುಹುಟ್ಟು ಪಡೆಯಿತೆಂಬುದನ್ನು ವಿರೋಧಾಭಾಸವೆಂದು ಭಾವಿಸುವ ಕಾರಣವಿಲ್ಲ. ಹಲವು ನುಡಿಗಳ ನಡುವೆ ಬಾಳುವವನಿಗೇ ತನ್ನ ನುಡಿಯ ಬೆಲೆ ಹೆಚ್ಚು ತೀಕ್ಷ್ಣವಾಗಿ ಅರಿವಾಗುವುದುಂಟು.

ಇಂದಿನ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿಯೇ ಮೂರು ಲಕ್ಷವನ್ನು ಮೀರಿತ್ತು. 2014ರ ನವೆಂಬರ್ 1ರಿಂದ ಬಿಜಾಪುರವು ಅಧಿಕೃತವಾಗಿ ವಿಜಯಪುರವಾಯಿತಾದರೂ, ಹಳ್ಳಿಯ ಹಿರಿಯರಿಗೆ ಅದು ಹಿಂದಿನಿಂದಲೂ 'ವಿಜಾಪುರ'ವೇ, ಇನ್ನೂ ಸಲಿಗೆಯಲ್ಲಿ 'ಪ್ಯಾಟಿ'. ಜನವರಿಯ ಸಂಕ್ರಾಂತಿಯಲ್ಲಿ ಸಿದ್ಧೇಶ್ವರನ ಜಾತ್ರೆ ಬಂದಾಗ ದನಗಳ ಸಂತೆಗೆ ಸುತ್ತಣ ಜಿಲ್ಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಜನ ಕೂಡುತ್ತಾರೆ; ಸೋಲಾಪುರದ ಸಿದ್ಧರಾಮನ ಭಕ್ತಿಯೇ ಮೂಲವಾದ ಈ ಜಾತ್ರೆಯಲ್ಲಿ ಕನ್ನಡ ಮರಾಠಿಗಳ ಭೇದವನ್ನು ಕೇಳುವವರಿಲ್ಲ. ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಜನಿಸಿ, ಜ್ಞಾನಯೋಗಾಶ್ರಮದಲ್ಲಿ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾಗಿ ಬೆಳೆದು, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳು ಕನ್ನಡದಲ್ಲಿ ಆಡಿದಷ್ಟೇ ಸುಲಭವಾಗಿ ಮರಾಠಿಯಲ್ಲಿಯೂ ಪ್ರವಚನ ಮಾಡುತ್ತಿದ್ದರು. ಇನ್ನು ಮೊಹರಂ ಬಂದರೆ, ಸುತ್ತಲ ಹಳ್ಳಿಗಳಲ್ಲಿ ಕರ್ಬಲದ ಕಥೆಯನ್ನು ರಿವಾಯತ್ ಪದಗಳಾಗಿ ಅಚ್ಚ ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಹಸನ ಹುಸೇನರ ದುಃಖವನ್ನು ಕೇಳಿ ಕಣ್ಣೊರಸಿಕೊಳ್ಳುವವರ ಧರ್ಮವನ್ನು ಆ ಹೊತ್ತಿನಲ್ಲಿ ಗುರುತಿಸುವುದು ಕಷ್ಟ.

ಕನ್ನಡ, ದಖ್ಖನಿ ಎಂಬ ಈ ಎರಡು ದೊಡ್ಡ ನುಡಿಗಳ ನೆರಳಿನಲ್ಲಿ ಇತರರನ್ನು ಮರೆಯಬಾರದು. ಹಿಂದೆ ಸೈನ್ಯಗಳಿಗೆ ಧಾನ್ಯವನ್ನು ಎತ್ತುಗಳ ಮೇಲೆ ಹೊತ್ತು ತರುತ್ತಿದ್ದ ಲಂಬಾಣಿಗರ ತಾಂಡಾಗಳು ನಗರದ ಸುತ್ತಲೂ ಇದ್ದು, ಅವರ ಗೋರಮಾಟಿ ನುಡಿಯು ಬೆಳಗಿನ ಕೂಲಿಯ ಅಡ್ಡೆಗಳಲ್ಲಿ ಕಿವಿಗೆ ಬೀಳುತ್ತದೆ. ದಂಡಿನ ಗುಡಿಸಲುಗಳಿಗೆ ಚಪ್ಪರ ಹೊದಿಸುತ್ತಿದ್ದವರೆಂದು ಹೆಸರಾದ ಚಪ್ಪರಬಂದರು ನಗರದಲ್ಲಿ ತಮ್ಮದೇ ಬಡಾವಣೆಯಲ್ಲಿ ನೆಲೆಸಿದ್ದಾರೆ. ಆಂಗ್ಲರ ಆಳಿಕೆಯು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯದೆಯ ಮೂಲಕ ಹಣೆಪಟ್ಟಿ ಹಚ್ಚಿದ ಜನರಲ್ಲಿ ಇವರೂ ಸೇರಿದ್ದರು. ಆ ಕಾಯದೆ 1952ರಲ್ಲಿ ರದ್ದಾದರೂ, ಅದರಿಂದಾದ ಅವಮಾನವು ಬಹುಕಾಲ ಉಳಿಯಿತು. ನಗರದ ಸೌಹಾರ್ದವನ್ನು ಹೊಗಳುವಾಗ ಇಂತಹವರ ಓಣಿಗಳಲ್ಲಿಯೂ ನಡೆದು ಬರಬೇಕು.

ಹಾಗೆಯೇ, ಎಲ್ಲವೂ ಸುಗಮವಾಗಿದೆಯೆಂದು ನಟಿಸುವುದೂ ಸಲ್ಲದು. ಮನಸ್ತಾಪದ ದಿನಗಳು ಈ ನಗರಕ್ಕೂ ಬಂದಿವೆ. ಅಥಣಿ ರಸ್ತೆ, ಸೋಲಾಪುರ ರಸ್ತೆ, ಬಾಗಲಕೋಟೆ ರಸ್ತೆಗಳ ಗುಂಟ ಬೆಳೆಯುತ್ತಿರುವ ಹೊಸ ಬಡಾವಣೆಗಳಲ್ಲಿ ಜನರು ತಮ್ಮ ತಮ್ಮವರೊಡನೆಯೇ ಮನೆ ಕಟ್ಟಿಕೊಳ್ಳುವ ಪ್ರವೃತ್ತಿ ಹೆಚ್ಚುತ್ತಿದೆ. ಹಳೆಯ ಪೇಟೆಯಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳಿದವರ ಮಕ್ಕಳು ಪರಸ್ಪರರ ಮಾತನ್ನು ಕೇಳದೆ ಬೆಳೆಯುತ್ತಿದ್ದಾರೆ. ಉರ್ದು ಶಾಲೆಯ ಮಗುವಿಗೆ ಕನ್ನಡವೂ, ಕನ್ನಡ ಶಾಲೆಯ ಮಗುವಿಗೆ ಉರ್ದುವೂ ಪುಸ್ತಕದ ಪಾಠವಾಗಿ ಅಲ್ಲದೆ ಆಟದ ಮಾತಾಗಿ ಬರುತ್ತಿದ್ದ ಕಾಲ ಹಿಂದೆ ಸರಿಯುತ್ತಿದೆ. ಇಬ್ಬರೂ ಇಂಗ್ಲಿಷ್ ಶಾಲೆಗೆ ಹೋದರೆ ಎರಡೂ ಹೋಗುತ್ತವೆ. ಶಹಾಪೇಟೆಯ ಹಿರಿಯರು ಆಡುವ ದಖ್ಖನಿಯನ್ನು ಅವರ ಮೊಮ್ಮಕ್ಕಳೇ ಅಶುದ್ಧವೆಂದು ತಿದ್ದುತ್ತಿರುವುದು ನನಗೆ ಬಹಳ ಖೇದವನ್ನುಂಟುಮಾಡುವ ಸಂಗತಿ. ಗ್ರಾಮ್ಯವೆಂದು ನಾಚಿಕೆಪಟ್ಟು ನಾವು ನಮ್ಮ ಜವಾರಿ ಕನ್ನಡವನ್ನು ಮಕ್ಕಳ ಬಾಯಿಂದ ಒರಸಿಹಾಕುತ್ತಿರುವುದೂ ಅದೇ ಬಗೆಯದು.

ಆದುದರಿಂದ ಒಂದು ಕೆಲಸವನ್ನು ಮಾತ್ರ ತಡಮಾಡದೆ ಮಾಡಬೇಕೆಂದು ನನ್ನ ಬಿನ್ನಹ. ಕನ್ನಡದ ಬೀಸುವ ಹಾಡುಗಳಿಗೆ ಹಲಸಂಗಿಯ ಗೆಳೆಯರು ದೊರೆತರು. ವಿಜಯಪುರದ ಪೇಟೆಗಳ ದಖ್ಖನಿ ಹಾಡುಗಳಿಗೆ, ಮದುವೆಯ ಹಾಡುಗಳಿಗೆ, ತೊಟ್ಟಿಲ ಹಾಡುಗಳಿಗೆ ಅಂತಹ ಗೆಳೆಯರು ಬೇಕಾಗಿದ್ದಾರೆ. ಹಸ್ತಪ್ರತಿಗಳಲ್ಲಿ ಉಳಿದ ಚಕ್ಕೀನಾಮಾಗಳನ್ನು ವಿದ್ವಾಂಸರು ಓದಿದ್ದಾರೆ, ಆದರೆ ಬಾಯಿಂದ ಬಾಯಿಗೆ ಬಂದವುಗಳನ್ನು ನವಬಾಗದ, ಜೋರಾಪುರ ಪೇಟೆಯ ಮನೆಗಳ ಒಳಗೆ ಕುಳಿತು ಕೇಳಿ ಬರೆದುಕೊಳ್ಳಬಲ್ಲವರು ಹೆಣ್ಣುಮಕ್ಕಳೇ. ಅವರು ಎರಡೂ ನುಡಿಗಳನ್ನು ಬಲ್ಲವರಾಗಿರಬೇಕು, ಎರಡೂ ಲಿಪಿಗಳಲ್ಲಿ ಬರೆಯಬಲ್ಲವರಾಗಿರಬೇಕು, ದಖ್ಖನಿ ಪಾಠದ ಎದುರಿಗೇ ಕನ್ನಡದ ಅರ್ಥವನ್ನು ಇಡಬೇಕು. ಅಂತಹ ವಿದ್ಯಾರ್ಥಿನಿಯರು ಎಲ್ಲಿಯೂ ಇಲ್ಲವೆಂದಲ್ಲ. 2003ರಲ್ಲಿ ಸ್ಥಾಪಿತವಾಗಿ ಇಂದು ಅಕ್ಕಮಹಾದೇವಿಯ ಹೆಸರನ್ನು ಧರಿಸಿರುವ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯವು ಇರುವುದು ತೊರವಿಯಲ್ಲಿಯೇ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸಿನಲ್ಲಿ ದಿನವೂ ಬಂದು ಇಳಿಯುವ ದಾರಿಯಲ್ಲಿಯೇ. ಹಿಟ್ಟಿನ ಗಿರಣಿಗಳು ಓಣಿಗೊಂದರಂತೆ ಬಂದು ತಲೆಮಾರುಗಳೇ ಸಂದಿವೆ. ಬೀಸುತ್ತ ಹಾಡಿದ ನೆನಪುಳ್ಳ ಅಜ್ಜಿಯರ ಸಂಖ್ಯೆ ವರುಷದಿಂದ ವರುಷಕ್ಕೆ ಕುಗ್ಗುತ್ತಿರುವುದರಿಂದ, ಮಿಕ್ಕ ಸಂಶೋಧನೆಗಳು ಕಾಯಬಹುದಾದರೂ ಇದನ್ನು ಮುಂದೂಡುವಂತಿಲ್ಲ.